ಬಾಡಿಗೆ ಸ್ಕೂಟರ್‌ಗಳ ಸಂಖ್ಯೆಗೆ ಮಿತಿ ಹಾಕಿದರೆ ಸಾಕೇ?

ಬಾಡಿಗೆ ಇ-ಸ್ಕೂಟರ್‌ಗಳ ಸಂಖ್ಯೆಗೆ ಮಿತಿ ಹಾಕಿದರೆ ಅವು ಪಾದಚಾರಿ ಮಾರ್ಗದಲ್ಲಿ ಅಡ್ಡಾದಿಡ್ಡಿ ಬಿದ್ದಿರುವುದು ತಪ್ಪುತ್ತದೆಯೇ ಎಂದು ತಾವು ಕೇಳಿದ್ದೀರಿ. ಅಷ್ಟರಿಂದಲೇ ತಪ್ಪುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಪ್ಯಾರಿಸ್ ನಗರವು 2020ರಲ್ಲಿ ಮೂರೇ ಕಂಪನಿಗಳಿಗೆ ತಲಾ 5,000 ಸ್ಕೂಟರ್‌ಗಳಂತೆ ಅನುಮತಿ ನೀಡಿತ್ತು. ಆದರೂ ಅಸಮಾಧಾನ ತಣಿಯದೆ, 2023ರ ಏಪ್ರಿಲ್‌ನಲ್ಲಿ ನಡೆದ ಜನಮತದಲ್ಲಿ ಮತ ಹಾಕಿದವರ ಪೈಕಿ ಶೇ. 89ರಷ್ಟು ಮಂದಿ ಅವು ಬೇಡವೇ ಬೇಡ ಎಂದರು. ಮತ ಹಾಕಲು ಬಂದವರು ನೂರಕ್ಕೆ ಎಂಟು ಮಂದಿಯೂ ಇರಲಿಲ್ಲವೆನ್ನಿ. ಅದಲ್ಲದೆ, ಅಡ್ಡಾದಿಡ್ಡಿ ಓಡಿಸುವವರ ಮೇಲಿನ ಸಿಟ್ಟೂ ಅದರಲ್ಲಿ ಸೇರಿತ್ತು.

ನಿಲುಗಡೆಯ ಮಟ್ಟಿಗೆ ನಿಜವಾದ ತೊಡಕಿರುವುದು ಜಾಗದ ಹಂಚಿಕೆಯಲ್ಲಿ. ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದರಿಂದ, ಅದರಲ್ಲೂ ಎತ್ತರದ ಕಟ್ಟಡಗಳ ನಡುವೆ, ಸ್ಕೂಟರ್ ಗುರುತು ಹಾಕಿದ ಗೆರೆಯೊಳಗಿದೆಯೋ ಅಥವಾ ದೃಷ್ಟಿಹೀನರು ಕೋಲಿನಿಂದ ತಡವುತ್ತ ನಡೆಯುವ ಉಬ್ಬುಪಟ್ಟಿಯ ಮೇಲೆಯೇ ನಿಂತಿದೆಯೋ ಎಂಬುದನ್ನು ಆ್ಯಪ್ ಅದೊಂದರಿಂದಲೇ ಖಚಿತವಾಗಿ ಹೇಳಲಾರದು. ಆದ್ದರಿಂದ ಜೀಬ್ರಾ ಪಟ್ಟಿಗೆ ಮುಂಚೆ ಒಂದು ಕಾರು ನಿಲ್ಲುವಷ್ಟು ಜಾಗವನ್ನು ರಸ್ತೆಯಂಚಿನಲ್ಲೇ ಬಿಡಿಸಿ ಸ್ಕೂಟರ್‌ಗಳಿಗೆ ಕೊಡುವುದು ಮೇಲು. ಅಲ್ಲಿ ಕಾರಿನ ಮರೆ ಇಲ್ಲದಿದ್ದರೆ ರಸ್ತೆ ದಾಟುವ ಮಕ್ಕಳೂ ಚಾಲಕರ ಕಣ್ಣಿಗೆ ಬೀಳುತ್ತಾರೆ. ದೂರು ಬಂದ ನಂತರ ಗೊತ್ತುಪಡಿಸಿದ ಅವಧಿಯೊಳಗೆ ತೆರವುಗೊಳಿಸದಿದ್ದರೆ ದಂಡ ತೆರಬೇಕಾದುದು ಕಂಪನಿಯೇ ಎಂಬ ಷರತ್ತು ಪರವಾನಗಿಯಲ್ಲಿರಲಿ. ಸವಾರರಿಂದ ಅದನ್ನು ವಸೂಲು ಮಾಡಿಕೊಳ್ಳುವುದು ಕಂಪನಿಯ ತಲೆನೋವು.