ಉತ್ತರ: 16 ಜಿಬಿ ಹಾಕಿದ ಮೇಲೆ ಪಿಸಿಐ ಕಾರ್ಡ್ ಹಳೇ ಡೇಟಾ ಕೊಡ್ತಿದೆ

ಅಣ್ಣಾ, ರ್‍ಯಾಮ್ ವಾಪಸ್ ಕೊಡೋಕೆ ಡೊಂಬಿವಲಿಯಿಂದ ಮುಂಬೈನ ಲ್ಯಾಮಿಂಗ್ಟನ್ ರೋಡಿನ ಅಂಗಡಿಗೆ ಹೋಗಬೇಡಿ. ಅದರ ತಪ್ಪೇನೂ ಇಲ್ಲ. ನೀವು ಬರೆದದ್ದು ಇಷ್ಟು: ಹಳೆಯ ಪಿಸಿಐ ಡೇಟಾ ಕಾರ್ಡ್ (ಮದರ್‌ಬೋರ್ಡ್ ಸ್ಲಾಟಿನಲ್ಲಿ ಕೂತು ಸ್ಯಾಂಪಲ್ ತೆಗೆಯುವಂಥದ್ದು), ನೀವೇ ತಿದ್ದಿಕೊಂಡ ಲಿನಕ್ಸ್ ಡ್ರೈವರ್ (ಕಾರ್ಡ್ ನಡೆಸುವ ಪ್ರೋಗ್ರಾಮ್). 4 ಜಿಬಿ ಇದ್ದಾಗ ಚೆನ್ನಾಗಿತ್ತು. 16 ಜಿಬಿ ಮಾಡಿದ ಮೇಲೆ ಹಳೆಯ ಸ್ಯಾಂಪಲ್‌ಗಳೇ ಮತ್ತೆ ಮತ್ತೆ ಬರುತ್ತವೆ. ಎರಡು ಗಂಟೆ ಓಡಿದರೆ ‘ಎಸ್‌ಡಬ್ಲ್ಯೂಐಒಟಿಎಲ್‌ಬಿ ಬಫರ್ ಈಸ್ ಫುಲ್’ ಎಂದು ಲಾಗ್ ಬಂದು ಕಾರ್ಡ್ ನಿಲ್ಲುತ್ತದೆ. ನೀವು ಇದನ್ನು ಒಂದೇ ತೊಂದರೆ ಎಂದುಕೊಂಡಿದ್ದೀರಿ. ನನಗೆ ಎರಡು ಕಾಣುತ್ತಿವೆ, ಎರಡೂ ಡ್ರೈವರ್‌ನಲ್ಲೇ ಇವೆ.

ನಾನೂ ಪುಣೆಯ ತಪ್ಕೀರ್ ಗಲ್ಲಿಯಿಂದ ಒಂದು ಸೆಕೆಂಡ್ ಹ್ಯಾಂಡ್ ಕಾರ್ಡ್ ತಂದು, ಎರಡು ವಾರ ಸುಮ್ನೆ ರ್‍ಯಾಮ್ ಕಡ್ಡಿ ಬದಲಾಯಿಸುತ್ತಾ ಕೂತವನೇ. ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ನಿಮ್ಮ ಕಾರ್ಡ್‌ಗೆ 32 ಬಿಟ್ ವಿಳಾಸ ಮಾತ್ರ ಗೊತ್ತು, ಅಂದರೆ 4 ಜಿಬಿ ತನಕ. ಲಿಫ್ಟ್‌ನಲ್ಲಿ ನಾಲ್ಕೇ ಬಟನ್, ನಿಮ್ಮ ಮನೆ ಹನ್ನೆರಡನೇ ಮಹಡಿ ಎಂದಿಟ್ಟುಕೊಳ್ಳಿ. ಪಾರ್ಸೆಲ್ ನಾಲ್ಕನೇ ಮಹಡಿಯ ಪ್ಯಾಸೇಜಿನಲ್ಲಿ ಇಳಿಯುತ್ತದೆ. ಅಲ್ಲಿಂದ ಮನೆಯವರೇ ಹೊತ್ತು ತರಬೇಕು. ಆ ಪ್ಯಾಸೇಜೇ ಬೌನ್ಸ್ ಬಫರ್ (ಲಾಗ್‌ನಲ್ಲಿ ಬರುವ ಎಸ್‌ಡಬ್ಲ್ಯೂಐಒಟಿಎಲ್‌ಬಿ ಇದೇ), ಹೊರುವವನು ಸಿಪಿಯು. ಲಿನಕ್ಸ್ ಇದಕ್ಕೆ ಸಾಮಾನ್ಯವಾಗಿ 64 ಎಂಬಿ ಇಡುತ್ತದೆ: 2 ಕೆಬಿಯ 32768 ಸ್ಲಾಟ್.

ಹೊರುವವನಿಗೆ ‘ಈಗ ತಾ’ ಎಂದು ಹೇಳಬೇಕಲ್ವಾ? ಅದೇ ಡಿಎಂಎ ಸಿಂಕ್ ಸಿಂಗಲ್ ಫಾರ್ ಸಿಪಿಯು ಎಂಬ ಕರೆ. ಡಿಎಂಎ ಎಂದರೆ ಕಾರ್ಡ್ ತಾನೇ ನೇರವಾಗಿ ಮೆಮೊರಿಗೆ ಬರೆಯುವುದು. (ಫಂಕ್ಷನ್ ಹೆಸರುಗಳಲ್ಲಿ ನಡುವೆ ಅಂಡರ್‌ಸ್ಕೋರ್ ನೀವೇ ಹಾಕಿಕೊಳ್ಳಿ.) ನೀವು ಬಫರನ್ನು (ಡೇಟಾ ಇಳಿಯುವ ಜಾಗ) ಒಮ್ಮೆ ಮ್ಯಾಪ್ ಮಾಡಿ, ಅಂದರೆ ಅದರ ವಿಳಾಸ ಕಾರ್ಡ್‌ಗೆ ಕೊಟ್ಟು, ಸಿಂಕ್ ಇಲ್ಲದೆ ಮತ್ತೆ ಮತ್ತೆ ಓದುತ್ತಿರಬೇಕು. ಕಾರ್ಡ್ ಹೊಸ ಡೇಟಾವನ್ನು ಪ್ಯಾಸೇಜಿನಲ್ಲಿ ಇಟ್ಟಿದೆ, ನೀವು ಮನೆಯೊಳಗಿನ ಹಳೆಯ ಪ್ರತಿ ನೋಡುತ್ತಿದ್ದೀರಿ. ಮೊದಲು ಬಫರ್ 4 ಜಿಬಿ ಒಳಗೇ ಸಿಗುತ್ತಿದ್ದುದರಿಂದ ಕಾರ್ಡ್ ನೇರವಾಗಿ ಅಲ್ಲೇ ಬರೆಯುತ್ತಿತ್ತು. ಪಿಸಿಯ ಪ್ರೊಸೆಸರ್ ತನ್ನ ಕ್ಯಾಶೆಯನ್ನು (ಮೆಮೊರಿಯ ವೇಗದ ಪ್ರತಿ) ತಾನೇ ಸರಿ ಇಟ್ಟುಕೊಳ್ಳುತ್ತದೆ, ಹಾಗಾಗಿ ಸಿಂಕ್ ಮರೆತರೂ ನಡೆಯಿತು. ತಪ್ಪು ಆಗಲೂ ಇತ್ತು, ಮುಚ್ಚಿಹೋಗಿತ್ತು ಅಷ್ಟೇ. ಇನ್ನೂ ಒಂದು ಮಾತು: 4 ಜಿಬಿ ಇದ್ದಾಗಲೂ ಒಂದಿಷ್ಟು ರ್‍ಯಾಮ್ 4 ಜಿಬಿ ವಿಳಾಸದ ಗೆರೆಯ ಮೇಲೆಯೇ ಇರುತ್ತದೆ, ಗೆರೆಯ ಕೆಳಗೆ ಪಿಸಿಐ ಕಾರ್ಡ್‌ಗಳಿಗೂ ವಿಳಾಸ ಬೇಕಲ್ಲ. ನಿಮ್ಮ ಬಫರ್ ಅಲ್ಲಿ ಹೋಗಿ ಬೀಳಲಿಲ್ಲ, ಅದೃಷ್ಟ.

ಮ್ಯಾಪ್ ಮಾಡುವಾಗ ದಿಕ್ಕನ್ನೂ ನೋಡಿ. ಕಾರ್ಡ್‌ನಿಂದ ಬರುವ ಡೇಟಾಗೆ ‘ಟು ಡಿವೈಸ್’ ಎಂದು ಹಾಕಿದ್ದರೆ, ವಾಪಸ್ ಪ್ರತಿ ಆಗುವುದೇ ಇಲ್ಲ. ನಾನು ಮಾಡಿದ ತಪ್ಪು ಇದೇ.

ಈಗ ಎರಡನೆಯದು. ಆ ಲಾಗ್ ಸಾಲಿನ ಕೊನೆಯಲ್ಲಿ ಟೋಟಲ್, ಯೂಸ್ಡ್ ಎಂದು ಸ್ಲಾಟ್ ಲೆಕ್ಕದಲ್ಲಿ ಎರಡು ಸಂಖ್ಯೆ ಇರುತ್ತವೆ. ಎಲ್ಲರೂ ಮೊದಲ ಅರ್ಧ ಓದಿ, ಬೂಟ್ ಸಾಲಿನಲ್ಲಿ (ಶುರುವಾಗುವಾಗ ಲಿನಕ್ಸ್‌ಗೆ ಕೊಡುವ ಆಯ್ಕೆಗಳು) ಎಸ್‌ಡಬ್ಲ್ಯೂಐಒಟಿಎಲ್‌ಬಿ=65536 ಹಾಕಿ ಎಂದು ಸಲಹೆ ಕೊಡುತ್ತಾರೆ. ಈ ಚರ್ಚೆಯಲ್ಲೇ ಮೇಲೆ ಒಬ್ಬರು ನಿಮಗೂ ಕೊಟ್ಟಿದ್ದಾರೆ. ನೀವು ಹಾಕಿದ ಲಾಗ್ ಫೋಟೋದಲ್ಲಿ ಯೂಸ್ಡ್ 32760 ಇದೆ, ಕೇಳಿದ್ದು 64 ಕೆಬಿ ಮಾತ್ರ. ಎರಡು ಗಂಟೆಯಲ್ಲಿ ಮೆಲ್ಲಗೆ ತುಂಬಿದೆ ಎಂದರೆ ಎಲ್ಲೋ ಅನ್‌ಮ್ಯಾಪ್ (ಮ್ಯಾಪ್ ಬಿಡಿಸುವುದು) ತಪ್ಪಿದೆ. ಓವರ್‌ರನ್ ಆದಾಗ, ಅಂದರೆ ಓದುವ ಮೊದಲೇ ಡೇಟಾ ತುಂಬಿ ಹರಿದಾಗ, ಹಳೆಯದನ್ನು ಬಿಡಿಸದೆ ಹೊಸದು ಮ್ಯಾಪ್ ಮಾಡುವ ಜಾಗ ಮೊದಲು ಹುಡುಕಿ. ಬಫರ್ ಎರಡು ಪಟ್ಟು ಮಾಡಿದರೆ ಎರಡು ಗಂಟೆ ನಾಲ್ಕಾಗುತ್ತದೆ, ಬೇರೇನಿಲ್ಲ. ಯೂಸ್ಡ್ ಕಡಿಮೆ ಇದ್ದೂ ಇದೇ ಸಾಲು ಬಂದಿದ್ದರೆ ಕಥೆ ಬೇರೆ. ಒಂದು ಮ್ಯಾಪಿಂಗ್‌ಗೆ ಒಟ್ಟಿಗೆ ಸಿಗುವುದು 256 ಕೆಬಿ ಮಾತ್ರ, ಅದಕ್ಕಿಂತ ದೊಡ್ಡದು ಕೇಳಿದರೆ ಪ್ಯಾಸೇಜು ಖಾಲಿ ಇದ್ದರೂ ಇಲ್ಲ ಎನ್ನುತ್ತದೆ.

ಪತ್ತೆ ಮಾಡಲು ಎರಡು ಗಂಟೆ ಕಾಯಬೇಡಿ. ಡೀಬಗ್ ಎಫ್‌ಎಸ್‌ನಲ್ಲಿ (ಲಿನಕ್ಸ್ ತನ್ನ ಒಳಲೆಕ್ಕ ತೋರಿಸುವ ಜಾಗ) ಎಸ್‌ಡಬ್ಲ್ಯೂಐಒಟಿಎಲ್‌ಬಿ ಫೋಲ್ಡರ್ ಇದೆ. ಅದರೊಳಗಿನ ಐಒ ಟಿಎಲ್‌ಬಿ ಯೂಸ್ಡ್ ಫೈಲನ್ನು ಐದೈದು ನಿಮಿಷಕ್ಕೆ ನೋಡಿ, ಏರುತ್ತಲೇ ಹೋಗುತ್ತದೆಯೇ ಎಂದು. ಕರ್ನಲ್ (ಲಿನಕ್ಸ್‌ನ ತಿರುಳು) ನೀವೇ ಕಟ್ಟುವುದಾದರೆ ಡಿಎಂಎ ಎಪಿಐ ಡೀಬಗ್ ಆಯ್ಕೆ ಹಾಕಿ, ಬಿಡಿಸದ ಮ್ಯಾಪ್‌ಗಳನ್ನು ಬೈದು ತೋರಿಸುತ್ತದೆ. ಇನ್ನೊಂದು ನನ್ನ ಇಷ್ಟದ್ದು: ಬೂಟ್ ಸಾಲಿನಲ್ಲಿ ಎಸ್‌ಡಬ್ಲ್ಯೂಐಒಟಿಎಲ್‌ಬಿ=ಫೋರ್ಸ್. ಆಗ ಎಲ್ಲವೂ ಬೌನ್ಸ್ ಆಗುತ್ತದೆ, ಮನೆಯ ಹಳೆಯ 4 ಜಿಬಿ ಮಷೀನಿನಲ್ಲೂ ಈ ತಪ್ಪುಗಳು ತಕ್ಷಣ ಕಾಣುತ್ತವೆ.

ಆದರೆ ನಿಮ್ಮ ಕಾರ್ಡ್ ನಿಲ್ಲದೆ ಒಂದೇ ಬಫರ್‌ಗೆ ತುಂಬುವಂಥದ್ದು. ಇದಕ್ಕೆ ಪ್ರತಿ ಬಾರಿ ಮ್ಯಾಪ್ ಮಾಡುವ ರಗಳೆಯೇ ಬೇಡ. ಡ್ರೈವರ್ ಶುರುವಾಗುವಾಗ ಡಿಎಂಎ ಸೆಟ್ ಮಾಸ್ಕ್ ಅಂಡ್ ಕೊಹೆರೆಂಟ್ ಕರೆದು ಕಾರ್ಡ್‌ನ ವಿಳಾಸದ ಮಿತಿ (ಮಾಸ್ಕ್) 32 ಬಿಟ್ ಎಂದು ಹೇಳಿ, ಅದು ಒಪ್ಪಿತೇ ನೋಡಿ. ಆಮೇಲೆ ಡಿಎಂಎ ಅಲೊಕ್ ಕೊಹೆರೆಂಟ್‌ನಿಂದ ರಿಂಗ್ ಬಫರನ್ನು (ಕೊನೆ ಮುಟ್ಟಿದರೆ ಮತ್ತೆ ಮೊದಲಿಂದ ತುಂಬುವಂಥದ್ದು) ಒಮ್ಮೆಲೇ ತೆಗೆದಿಡಿ. ಕಾರ್ಡ್‌ಗೆ ಮುಟ್ಟುವ ಜಾಗದಲ್ಲೇ ಸಿಗುತ್ತದೆ. ಬೌನ್ಸ್ ಇಲ್ಲ, ಸಿಂಕ್ ಇಲ್ಲ, ಸೋರಿಕೆಯೂ ಇಲ್ಲ.

ಮಾಸ್ಕ್ ಹಾಕುವ ಮೊದಲು ಚಿಪ್‌ನ ಡೇಟಾಶೀಟ್ ನೋಡಿ. ಪಿಸಿಐ ಸ್ಲಾಟಿನಲ್ಲಿ ಕೂರುತ್ತದೆ ಎಂದ ಮಾತ್ರಕ್ಕೆ 32 ಬಿಟ್ ಅಲ್ಲ. ಇಎಸ್‌ಎಸ್ ಮೇಸ್ಟ್ರೋ ಸೌಂಡ್ ಚಿಪ್‌ಗೆ ಲಿನಕ್ಸ್ ಡ್ರೈವರ್ ಹಾಕುವುದು 28 ಬಿಟ್, ಅಂದರೆ 256 ಎಂಬಿ. ಪಿಸಿಐಗಿಂತ ಹಳೆಯ ಐಎಸ್‌ಎ ಸ್ಲಾಟಿನ ಡಿಎಂಎ 24 ಬಿಟ್, 16 ಎಂಬಿಗೇ ಮುಗಿಯಿತು. ಇಂಥವಕ್ಕೆ ಬೌನ್ಸ್ ಬಫರೂ ಕೈಗೆಟುಕದೆ ಹೋಗಬಹುದು, ಆಗ ಅಲೊಕ್ ಕೊಹೆರೆಂಟೇ ಗತಿ.

ಬೋರ್ಡ್‌ನಲ್ಲಿ ವಿಟಿ-ಡಿ (ಕಾರ್ಡ್ ಕೊಟ್ಟ ವಿಳಾಸವನ್ನು ಬೇರೆ ವಿಳಾಸಕ್ಕೆ ತಿರುಗಿಸುವ ಇಂಟೆಲ್ ಸೌಲಭ್ಯ) ಇದ್ದರೆ ಬಯಾಸ್‌ನಲ್ಲಿ ಆನ್ ಮಾಡಿ, ಬೂಟ್ ಸಾಲಿನಲ್ಲಿ ಇಂಟೆಲ್ ಐಒಎಂಎಂಯು=ಆನ್ ಹಾಕಿ ನೋಡಬಹುದು. ಆಗ ಮೂರನೇ ಬಟನ್ ಒತ್ತಿದರೂ ಲಿಫ್ಟ್ ಹನ್ನೆರಡಕ್ಕೇ ಹೋಗುತ್ತದೆ. ಪಾಸ್‌ಥ್ರೂ ಆಯ್ಕೆ (ವಿಳಾಸ ತಿರುಗಿಸದೆ ಹಾಗೇ ಬಿಡುವುದು) ಹಾಕಿದ್ದರೆ ತೆಗೆಯಿರಿ, ಇಲ್ಲದಿದ್ದರೆ ಮತ್ತೆ ಬೌನ್ಸೇ. ನಾನಾದರೆ ಇದನ್ನು ಡ್ರೈವರ್ ಸರಿಯಾದ ಮೇಲೆ ಮಾಡುತ್ತೇನೆ, ಈಗ ಮಾಡಿದರೆ ಅದೇ ತಪ್ಪು ಮತ್ತೆ ಮುಚ್ಚಿಹೋಗುತ್ತದೆ.

ಪ್ರೋಬ್ ಫಂಕ್ಷನ್ (ಡ್ರೈವರ್ ಕಾರ್ಡನ್ನು ಶುರುಮಾಡುವ ಭಾಗ) ಮತ್ತು ಓವರ್‌ರನ್ ಭಾಗವನ್ನು ಇಲ್ಲೇ ಹಾಕಿ ಅಣ್ಣಾ, ಭಾನುವಾರ ಕೂತು ನೋಡೋಣ.