ಸಂಧಿವಾತವಿರುವ ಮಗುವಿಗೆ ರಾಯಲ್ ಜೆಲ್ಲಿ, ಪರಾಗದ ಪುಡಿ ಕೊಡಬಹುದೇ?

ಏಳು ವರ್ಷದ ಮಗಳಿಗೆ ಬಾಲ್ಯದ ಸಂಧಿವಾತವಿದೆ, ಮೆಥೊಟ್ರೆಕ್ಸೇಟ್ ಔಷಧಿ ನಡೆಯುತ್ತಿದೆ, ‘ರೋಗನಿರೋಧಕ ಶಕ್ತಿ ಹೆಚ್ಚಲಿ’ ಎಂದು ಜೇನುಗೂಡಿನಿಂದ ತೆಗೆದ ರಾಯಲ್ ಜೆಲ್ಲಿ (ಜೇನುಹುಳುಗಳು ರಾಣಿಹುಳುವಿಗೆ ಉಣಿಸುವ ಆಹಾರ), ಪರಾಗದ ಪುಡಿ ಇವನ್ನೂ ಕೊಡಲೇ ಎಂದು ಕೇಳಿದ್ದೀರಿ. ಬೇಡ ಎಂದೇ ಹೇಳುತ್ತೇನೆ.

ಈ ಕಾಯಿಲೆಯಲ್ಲಿ ರೋಗನಿರೋಧಕ ವ್ಯವಸ್ಥೆ ದುರ್ಬಲವಾಗಿಲ್ಲ, ದಾರಿ ತಪ್ಪಿ ತನ್ನದೇ ಕೀಲುಗಳ ಮೇಲೆ ಬಿದ್ದಿದೆ. ಔಷಧಿ ಅದನ್ನು ತಣಿಸಲು ಹೆಣಗುತ್ತಿರುವಾಗ ಕೆರಳಿಸುವ ಮಾತೇಕೆ? ಈ ಪದಾರ್ಥಗಳಿಂದ ಕೀಲಿನ ಉರಿಯೂತ ಮಕ್ಕಳಲ್ಲಿ ಇಳಿಯುತ್ತದೆ ಎನ್ನಲು ಗಟ್ಟಿ ಪುರಾವೆಯೂ ಇಲ್ಲ.

ನನಗೆ ನಿಜವಾದ ಭಯವಿರುವುದು ಅಲರ್ಜಿಯದು. ರಾಯಲ್ ಜೆಲ್ಲಿಯಿಂದ ತೀವ್ರ ಉಬ್ಬಸವಾಗಿ ಪ್ರಾಣ ಹೋದದ್ದೂ ಉಂಟು. ಆಸ್ಟ್ರೇಲಿಯಾದಲ್ಲಿ ಅದರ ಡಬ್ಬಿಯ ಮೇಲೆ ಈ ಎಚ್ಚರಿಕೆ ಕಡ್ಡಾಯ. ಪರಾಗದಿಂದಲೂ ಇಡೀ ಮೈಗೆ ಅಲರ್ಜಿ ಹಬ್ಬಬಹುದು. ಜೇನುಹುಳುಗಳು ಮರದ ಅಂಟಿನಿಂದ ಮಾಡುವ ಪ್ರೊಪೊಲಿಸ್ ಚರ್ಮದಲ್ಲಿ ದದ್ದು ಎಬ್ಬಿಸಬಹುದು. ಆಸ್ತಮಾ ಇರುವ ಮಕ್ಕಳಿಗಂತೂ ಇವು ಸಲ್ಲದು.

ಜೇನುತುಪ್ಪದ ಮಾತು ಬೇರೆ. ಅಲರ್ಜಿಯಿಲ್ಲದಿದ್ದರೆ ರುಚಿಗೆ ಒಂದು ಚಮಚ ತಿನ್ನಲಿ, ಔಷಧಿಯೆಂದಲ್ಲ. ಆದರೆ ಮನೆಯಲ್ಲಿ ಒಂದು ವರ್ಷದೊಳಗಿನ ಕೂಸಿದ್ದರೆ ಅದಕ್ಕೆ ನೆಕ್ಕಿಸಲೂ ಬೇಡಿ, ಬೊಟುಲಿಸಂ ಎಂಬ, ನರಗಳನ್ನು ಬಾಧಿಸುವ ಗಂಭೀರ ಕಾಯಿಲೆಯ ಅಪಾಯವಿದೆ.

ಈಗಾಗಲೇ ಏನಾದರೂ ಕೊಟ್ಟಿದ್ದರೆ ಸಂಕೋಚಪಡದೆ ವೈದ್ಯರಿಗೆ ತಿಳಿಸಿ; ಮೆಥೊಟ್ರೆಕ್ಸೇಟನ್ನು ನೀವಾಗಿ ನಿಲ್ಲಿಸಬೇಡಿ. ಕಣ್ಣಿನ ತಪಾಸಣೆಯನ್ನೂ ತಪ್ಪಿಸಬೇಡಿ, ಈ ಕಾಯಿಲೆಯಲ್ಲಿ ಕಣ್ಣು ಕೆಂಪಾಗದೆ, ನೋಯದೆ ಒಳಗೇ ಉರಿಯೂತವಾಗಬಹುದು.