ಗುತ್ತಿಗೆ ನರ್ಸ್ ನೇಮಕದಿಂದ ನಿಜಕ್ಕೂ ಉಳಿತಾಯವೇ?

ಪ್ರಶ್ನೆ: ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಗುತ್ತಿಗೆ ಮೇಲೆ ಬರುವ ನರ್ಸ್‌ಗಳು ವರ್ಷ ತುಂಬುವುದರೊಳಗೆ ಬಿಟ್ಟು ಹೋಗುತ್ತಾರೆ. ಕಾಯಂ ನೇಮಕ ಮಾಡಿ ಎಂದರೆ ಖರ್ಚು ಹೆಚ್ಚು ಎನ್ನುತ್ತಾರೆ. ಇದು ನಿಜವೇ?
– ಓದುಗರು, ಗುರುಮಠಕಲ್ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ: ತಿಂಗಳ ಸಂಬಳವನ್ನಷ್ಟೇ ನೋಡಿದರೆ ನಿಜ. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲವೇತನವೇ 27,000 ರೂಪಾಯಿ. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ವಾರ್ಷಿಕ ವೇತನ ಬಡ್ತಿ ಮತ್ತು ಪಿಂಚಣಿಗೆ ಸರ್ಕಾರ ಕಟ್ಟುವ ವಂತಿಗೆ ಸೇರುತ್ತವೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಸಿಬ್ಬಂದಿಗಾದರೆ ಎಲ್ಲ ಸೇರಿಸಿದ ಒಂದೇ ಮೊತ್ತದ ಸಂಭಾವನೆ ಮಾತ್ರ. ಅದರಲ್ಲೂ 60 ಭಾಗ ಕೇಂದ್ರದ್ದು, 40 ಭಾಗ ರಾಜ್ಯದ್ದು ಆಗಿರುವುದರಿಂದ ರಾಜ್ಯದ ಲೆಕ್ಕದಲ್ಲಿ ಅದು ಇನ್ನಷ್ಟು ಅಗ್ಗವಾಗಿ ಕಾಣುತ್ತದೆ.

ಆದರೆ ಲೆಕ್ಕ ಹಾಕಬೇಕಾದದ್ದು ಹುದ್ದೆಗಳನ್ನಲ್ಲ, ನಡೆದ ಪಾಳಿಗಳನ್ನು. ಹೆರಿಗೆ ಕೋಣೆ ಹಗಲಿರುಳು ತೆರೆದಿರಬೇಕಾದರೆ ವರ್ಷಕ್ಕೆ 365 ದಿನ, ದಿನಕ್ಕೆ ಮೂರು ಪಾಳಿಯಂತೆ 1,095 ಪಾಳಿಗಳಾಗುತ್ತವೆ. ವಾರದ ರಜೆ 52, ಉಳಿದ ರಜೆಗಳೆಲ್ಲ ಸೇರಿ ಸುಮಾರು 50 ಎಂದು ಹಿಡಿದರೂ ಒಬ್ಬ ನರ್ಸ್ ಮಾಡಬಲ್ಲದ್ದು 263 ಪಾಳಿ. ಮೂವರಿದ್ದರೆ 789. ಉಳಿದ 306 ಪಾಳಿಗಳನ್ನು ಯಾರೋ ರಜೆ ಬಿಟ್ಟು ತುಂಬಬೇಕು, ಇಲ್ಲವೇ ಆ ಹೊತ್ತಿನಲ್ಲಿ ಬಾಗಿಲಿಗೆ ಬೀಗ. ಮೂವರಲ್ಲಿ ಒಬ್ಬರು ಬಿಟ್ಟು ಹೋದರಂತೂ ಅರ್ಧಕ್ಕಿಂತ ಹೆಚ್ಚು ಪಾಳಿಗಳು ಖಾಲಿ.

ಇನ್ನು ತರಬೇತಿಯ ನಷ್ಟ. ಸುರಕ್ಷಿತ ಹೆರಿಗೆ ಮಾಡಿಸುವ ತರಬೇತಿಯೊಂದೇ 21 ದಿನಗಳದ್ದು. ಆ ಅವಧಿಯ ಸಂಬಳ, ಬದಲಿ ವ್ಯವಸ್ಥೆ, ಕಲಿಸುವವರ ಸಮಯ ಎಲ್ಲವೂ ಸರ್ಕಾರದ್ದೇ ಖರ್ಚು, ತರಬೇತಿ ಪಡೆದ ನರ್ಸ್ ಕೆಲಸ ಬಿಟ್ಟ ದಿನ ಅಷ್ಟೂ ಹೋಯಿತು. ರಾತ್ರಿ ನೋವು ತಿನ್ನುತ್ತಿರುವ ಸೊಸೆಯನ್ನು ಬಾಡಿಗೆ ಜೀಪಿನಲ್ಲಿ ಯಾದಗಿರಿಗೋ ಕಲಬುರಗಿಗೋ ಕರೆದೊಯ್ಯುವ ಕುಟುಂಬ ಮಾಡುವ ಸಾಲ ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ. ಆ ಖರ್ಚನ್ನು ಬಡವರ ಮೇಲೆ ಹೊರಿಸಿ ಉಳಿತಾಯ ಎನ್ನುವುದು ಅನ್ಯಾಯವೆಂದೇ ನನ್ನ ಸ್ಪಷ್ಟ ಅಭಿಪ್ರಾಯ.

ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಸ್ಥಳೀಯ ಹುದ್ದೆಗಳಲ್ಲಿ ಮೀಸಲಾತಿಯಿದೆ. ಇಲ್ಲಿಯವರನ್ನೇ ಕಾಯಂ ಆಗಿ ನೇಮಿಸಿ, ಆರೋಗ್ಯ ಕೇಂದ್ರದ ಆವರಣದಲ್ಲೇ ವಾಸಯೋಗ್ಯ ವಸತಿ ಕೊಟ್ಟರೆ ಅವರು ಉಳಿಯುವ ಸಾಧ್ಯತೆ ಹೆಚ್ಚು. ನಿಮ್ಮೂರಿನ ಆರೋಗ್ಯ ಕೇಂದ್ರದ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಯಲ್ಲಿ, ಕಳೆದ ಹನ್ನೆರಡು ತಿಂಗಳ ಹಾಜರಿ ಪುಸ್ತಕದ ಪ್ರಕಾರ ಎಷ್ಟು ರಾತ್ರಿ ಪಾಳಿಗಳು ಖಾಲಿ ಉಳಿದವು ಎಂದು ಕೇಳಿ, ಆ ಸಂಖ್ಯೆಯನ್ನು ನಡಾವಳಿಯಲ್ಲಿ ಬರೆಸಿ, ಅದರ ಪ್ರತಿಯೊಂದಿಗೆ ಜಿಲ್ಲಾ ಆರೋಗ್ಯಾಧಿಕಾರಿಗೆ ಮನವಿ ಕೊಡಿ.